ಮುತ್ತಜ್ಜನ ಕಾಲದ ಆರ್ಗನ್ನೋ, ಪಿಯಾನೋವೋ, ‘ಸ್ಟ್ರಾಡಿವೇರಿಯಸ್’ ಪಿಟೀಲೋ? ಕೊಳ್ಳುವ ಮುಂಚೆ ಅವುಗಳ ಹಳೇ ಜಾಹೀರಾತು ಓದಿ

ಬೇಸಿಗೆ ಶುರುವಾಯಿತು ಅಂದರೆ ನನ್ನ ಫೋನಿಗೆ ಫೋಟೋಗಳು ಬರುತ್ತವೆ. ಅಮೆರಿಕದಲ್ಲಿರುವ ನಮ್ಮ ಕನ್ನಡದ ಗೆಳೆಯರು ಶನಿವಾರ ಬೆಳಗ್ಗೆ ಎಲ್ಲೋ ಒಂದು ಎಸ್ಟೇಟ್ ಸೇಲ್‌ಗೆ (ತೀರಿಕೊಂಡವರ, ಮನೆ ಖಾಲಿ ಮಾಡುವವರ ಹಳೇ ಸಾಮಾನಿನ ಮಾರಾಟಕ್ಕೆ) ಹೋಗಿರುತ್ತಾರೆ. ಅಲ್ಲಿ ದೇವರ ಮಂಟಪದ ಹಾಗೆ ಕೆತ್ತನೆ ಮಾಡಿದ ಒಂದು ಆರ್ಗನ್ ಕಂಡಿರುತ್ತದೆ, ಇಲ್ಲವೇ ‘ಪುಕ್ಕಟೆ, ನೀವೇ ಹೊತ್ತುಕೊಂಡು ಹೋಗಿ’ ಅಂತ ಚೀಟಿ ಅಂಟಿಸಿದ ಪಿಯಾನೋ, ಇಲ್ಲವೇ ಧೂಳು ಹಿಡಿದ ಪೆಟ್ಟಿಗೆಯಲ್ಲಿ ಮಲಗಿದ ಪಿಟೀಲು, ಅದರ ಹೊಟ್ಟೆಯೊಳಗೆ ಲ್ಯಾಟಿನ್‌ನಲ್ಲಿ ‘ಆಂಟೋನಿಯಸ್ ಸ್ಟ್ರಾಡಿವೇರಿಯಸ್ ಕ್ರೆಮೊನೆನ್ಸಿಸ್’ ಅಂತ, ಅಂದರೆ ಜಗತ್ಪ್ರಸಿದ್ಧ ಪಿಟೀಲು ತಯಾರಕನ ಹೆಸರಿನ, ಹಳದಿ ಚೀಟಿ. ಫೋಟೋದ ಹಿಂದೆಯೇ ಪ್ರಶ್ನೆ: ‘ಇದು ನಿಜವಾದ್ದಾ? ತಗೊಳ್ಳಲಾ?’

ಹೋದ ತಿಂಗಳು ಒಬ್ಬ ಗೆಳೆಯ ಒಂದೇ ಮನೆಯಿಂದ ಮೂರೂ ಫೋಟೋ ಕಳಿಸಿದ. ಮಗಳು ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ‘ಒಂದಕ್ಕಿಂತ ಜಾಸ್ತಿ ತಂದರೆ ನಿಮ್ಮನ್ನೂ ಅದರ ಜೊತೆ ಗ್ಯಾರೇಜಿನಲ್ಲೇ ಇಡ್ತೀನಿ’ ಅಂತ ಹೆಂಡತಿ ಹೇಳಿದ್ದಾರಂತೆ. ಅವನಿಗೆ ಉತ್ತರ ಬರೆಯಲು ಕೂತೆ, ಅದು ಉದ್ದವಾಯಿತು, ಇಲ್ಲಿಗೇ ಹಾಕುತ್ತಿದ್ದೇನೆ.

ಈ ಸಾಮಾನುಗಳೆಲ್ಲ ಹೆಚ್ಚು ಕಡಿಮೆ 1875ರಿಂದ 1905ರ ನಡುವಿನವು. ಇಷ್ಟೊಂದು ಎಲ್ಲಿಂದ ಬಂದವು ಅಂದರೆ, ಆ ಮೂವತ್ತು ವರ್ಷ ಅಮೆರಿಕದಲ್ಲಿ ವಾದ್ಯ ಮಾರುವವರು ಬಿಡದೆ ಜಾಹೀರಾತು ಹಾಕಿದರು. ವಾರಪತ್ರಿಕೆಯಲ್ಲಿ, ಪಂಚಾಂಗದಲ್ಲಿ, ಬಣ್ಣದ ಅಚ್ಚಿನ ಪುಟ್ಟ ಕಾರ್ಡುಗಳಲ್ಲಿ, ಆಮೇಲೆ ಇಟ್ಟಿಗೆಯಷ್ಟು ದಪ್ಪದ ಕ್ಯಾಟಲಾಗುಗಳಲ್ಲಿ. ಹಾಲಿನಲ್ಲಿ ಒಂದು ಆರ್ಗನ್ ಇಲ್ಲದ ಮನೆ ಮರ್ಯಾದಸ್ಥರ ಮನೆಯೇ ಅಲ್ಲ ಅನ್ನುವಷ್ಟರ ಮಟ್ಟಿಗೆ ತಲೆಗೆ ತುಂಬಿದರು. ಆ ಜಾಹೀರಾತುಗಳು ಈಗಲೂ ಸಿಗುತ್ತವೆ. ಸಿಯರ್ಸ್ ರೋಬಕ್ ಕಂಪನಿಯ 1897ರ ಕ್ಯಾಟಲಾಗು ಮರುಮುದ್ರಣವಾಗಿದೆ, ಹಳೇ ಪತ್ರಿಕೆಗಳು ಕಂಪ್ಯೂಟರಿನಲ್ಲೇ ಓದಲು ಸಿಗುತ್ತವೆ. ನಾನು ಯಾವ ಹಳೇ ವಾದ್ಯ ನೋಡಲು ಹೋಗುವುದಿದ್ದರೂ ಮೊದಲು ಅದರ ಜಾಹೀರಾತು ಹುಡುಕಿ ಓದುತ್ತೇನೆ. ಅದರಲ್ಲಿ ಯಾವುದನ್ನು ಜೋರಾಗಿ ಕೂಗಿದ್ದಾರೋ ಅದು ಕಣ್ಣಿಗೆ ಕಾಣುವ ಭಾಗ. ಯಾವುದರ ಬಗ್ಗೆ ಬಾಯಿ ಬಿಟ್ಟಿಲ್ಲವೋ ಅದೇ ಈಗ ನಿಮ್ಮ ಜೇಬಿಗೆ ಕೈ ಹಾಕುವ ಭಾಗ.

ಮೊದಲು ಯಾವುದನ್ನು ನೋಡಬೇಕು

ನಾನು ಐದು ಪ್ರಶ್ನೆ ಕೇಳುತ್ತೇನೆ. ಯಾತಕ್ಕೆ ಬೇಕು: ಮಗು ಕಲಿಯಲೋ, ಹಾಡುವಾಗ ಶ್ರುತಿಗೋ, ಹಾಲಿನಲ್ಲಿ ಚೆಂದಕ್ಕೋ, ಅಥವಾ ಬಿಚ್ಚಿ ರಿಪೇರಿ ಮಾಡುವ ಹುಚ್ಚಿಗೋ? ಮನೆಗೆ ಬಂದು ಸರಿಯಾಗಿ ನುಡಿಯುವ ಹೊತ್ತಿಗೆ ಒಟ್ಟು ಎಷ್ಟು ಖರ್ಚಾಗುತ್ತದೆ? (ಚೀಟಿಯಲ್ಲಿರುವ ಬೆಲೆಯನ್ನು ಲೆಕ್ಕಕ್ಕೇ ತಗೋಬೇಡಿ, ಹಳೇ ವಾದ್ಯದಲ್ಲಿ ಅದು ತುಂಬ ಸಣ್ಣ ಪಾಲು.) ಕೆಟ್ಟರೆ ಯಾರು ಸರಿ ಮಾಡುತ್ತಾರೆ? ಇಡಲು ಜಾಗ ಎಲ್ಲಿದೆ, ಎರಡು ವರ್ಷಕ್ಕೆ ಕೆಲಸ ಬದಲಾಗಿ ಟೆಕ್ಸಸ್‌ಗೆ ಹೊರಟರೆ ಇದನ್ನು ಏನು ಮಾಡುತ್ತೀರಿ? ಕೊನೆಯದು, ಅದರ ಮೇಲಿರುವ ಹೆಸರನ್ನು ನಂಬಬಹುದಾ?

ಮೊದಲ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಹೇಳಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ನನ್ನ ಗೆಳೆಯ ‘ಮಗಳಿಗೆ’ ಅಂದ. ಅವನ ಕಣ್ಣು ಮಾತ್ರ ಆರ್ಗನ್ ಮೇಲಿತ್ತು.

ಪಂಪ್ ಆರ್ಗನ್: ಇಪ್ಪತ್ತೇಳು ಗುಂಡಿಯ ಕಥೆ

ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕೆಂದರೆ ಮೋಸ ಹೋಗಲು ಇದರಷ್ಟು ಒಳ್ಳೆಯ ವಾದ್ಯ ಇಲ್ಲ, ಮನಸ್ಸಿಗೆ ಹಿಡಿಸುವುದೂ ಇದರಷ್ಟು ಯಾವುದೂ ಇಲ್ಲ.

ನಮ್ಮ ಹಾರ್ಮೋನಿಯಂನ ದೊಡ್ಡಪ್ಪ ಅಂದುಕೊಳ್ಳಿ. ಗಾಳಿ ತಾಗಿದರೆ ಕಂಪಿಸಿ ದನಿ ಕೊಡುವ ಅದೇ ಹಿತ್ತಾಳೆ ರೀಡುಗಳು, ಅದೇ ತಿದಿ. ಹಾರ್ಮೋನಿಯಂ ಗಾಳಿಯನ್ನು ರೀಡಿನ ಮೂಲಕ ಹೊರಗೆ ತಳ್ಳುತ್ತದೆ, ಅಮೆರಿಕದ ಈ ಆರ್ಗನ್ ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ದನಿ ಸ್ವಲ್ಪ ಮೆತ್ತಗೆ, ದುಂಡಗೆ ಇರುತ್ತದೆ. ಕಾಲಲ್ಲಿ ಎರಡು ಪೆಡಲ್ ತುಳಿಯಬೇಕು. ಸಾಮಾನ್ಯವಾಗಿ 61 ಮನೆ (ಬೆರಳಲ್ಲಿ ಒತ್ತುವ ಕೀ), ಐದು ಸ್ಥಾಯಿ.

ನಾನಿರುವ ನ್ಯೂಜೆರ್ಸಿಯಲ್ಲೇ ವಾಷಿಂಗ್ಟನ್ ಅಂತ ಒಂದು ಸಣ್ಣ ಊರಿದೆ. 1870ರ ದಶಕದಲ್ಲಿ ಡೇನಿಯಲ್ ಬೀಟಿ ಅನ್ನುವವನು ಅಲ್ಲಿ ಕೂತು ಇಡೀ ದೇಶಕ್ಕೆ ಟಪಾಲಿನಲ್ಲಿ ಆರ್ಗನ್ ಮಾರಿದ. ಅಂಗಡಿಯವನ ಲಾಭ ಬೇಡ, ನನಗೇ ನೇರ ದುಡ್ಡು ಕಳಿಸಿ, ಅರ್ಧ ಬೆಲೆಗೆ ಕೊಡುತ್ತೇನೆ ಅನ್ನುವುದು ಅವನ ದಾರಿ. ಊರಿನ ಮೇಯರ್ ಬೇರೆ ಆದ, ಅದನ್ನೂ ಜಾಹೀರಾತಿನಲ್ಲಿ ಹಾಕಿಕೊಂಡ. ಅವನ ಜಾಹೀರಾತಿನ ದೊಡ್ಡ ಅಕ್ಷರ ಯಾವುದು ಗೊತ್ತಾ? ‘27 ಸ್ಟಾಪ್’. ಮನೆಗಳ ಮೇಲೆ ಸಾಲಾಗಿ ನಿಂತಿರುವ, ಎಳೆದರೆ ದನಿ ಬದಲಾಗುವ ಗುಂಡಿಗಳು ಇಪ್ಪತ್ತೇಳು! ಪಕ್ಕದ ಊರಿನ ಅಂಗಡಿಯ ಆರ್ಗನ್‌ಗೆ ಹತ್ತೋ ಹನ್ನೊಂದೋ ಇದ್ದರೆ, ಇವನದು ಇಪ್ಪತ್ತೇಳು, ಬೆಲೆಯೂ ಕಡಿಮೆ. ಯಾರು ಬಿಡುತ್ತಾರೆ?

ಈಗ ಲೆಕ್ಕ ಹಾಕೋಣ. ಒಳಗೆ ಒಂದು ಸಾಲು ರೀಡು ಇದೆ ಅನ್ನಿ. ಅದನ್ನು ಎಡಗೈ ಭಾಗ, ಬಲಗೈ ಭಾಗ ಅಂತ ಎರಡು ಮಾಡಿದರೆ ಎರಡು ಗುಂಡಿ. ಅದೇ ಸಾಲಿನ ಮುಚ್ಚಳವನ್ನು ಪೂರ್ತಿ ತೆಗೆಯದೆ ಅರ್ಧ ತೆಗೆದರೆ ದನಿ ಸಣ್ಣಗಾಗುತ್ತದೆ, ಅದಕ್ಕೊಂದು ಇಂಪಾದ ಇಟಾಲಿಯನ್ ಹೆಸರಿಟ್ಟು ಮತ್ತೆರಡು ಗುಂಡಿ. ಅಲ್ಲಿಗೆ ಒಂದು ಸಾಲಿಗೆ ನಾಲ್ಕು, ಎರಡು ಸಾಲಿಗೆ ಎಂಟು. ದನಿ ಏರಿಸಲು ಒಂದು, ಒಂದು ಮನೆ ಒತ್ತಿದರೆ ಮೇಲಿನ ಸ್ಥಾಯಿಯದ್ದೂ ತಾನೇ ಒತ್ತಿಕೊಳ್ಳಲು ಒಂದು. ‘ವಾಕ್ಸ್ ಹ್ಯೂಮಾನಾ’ ಅಂತ ಮತ್ತೊಂದು. ಅದರ ಅರ್ಥ ಮನುಷ್ಯನ ದನಿ ಅಂತ. ಹಿಂದಿನ ಹಲಗೆ ತೆಗೆದು ನೋಡಿದರೆ, ಗಾಳಿಗೆ ತಿರುಗುವ ಒಂದು ರಟ್ಟಿನ ರೆಕ್ಕೆ! ಅದು ತಿರುಗಿದಾಗ ದನಿ ನಡುಗುತ್ತದೆ, ಅಷ್ಟೇ. ಎರಡೇ ಸಾಲು ರೀಡಿಗೆ ಹನ್ನೊಂದು ಗುಂಡಿ ಆಯಿತು ನೋಡಿ. ಅಗ್ಗದ ಕೆಲವು ಆರ್ಗನ್‌ಗಳಲ್ಲಿ ಗುಂಡಿಯ ಹಿಂದೆ ಏನೂ ಇರುತ್ತಿರಲಿಲ್ಲ, ಸುಮ್ನೆ ಎಳೆಯಬಹುದು, ಬಿಡಬಹುದು. ಇಂದಿನ ಫೋನಿನಲ್ಲಿ ಕ್ಯಾಮೆರಾ ಎಣಿಸುತ್ತೇವಲ್ಲ, ಹಾಗೆ.

ಬೀಟಿಯ ಕಾರ್ಖಾನೆ 1881ರಲ್ಲಿ ಸುಟ್ಟುಹೋಯಿತು. ಮತ್ತೆ ಕಟ್ಟಿದ. ಆದರೆ ಮುಂಗಡ ದುಡ್ಡು ಕಳಿಸಿದ ಎಷ್ಟೋ ಜನಕ್ಕೆ ಆರ್ಗನ್ ಹೋಗಲೇ ಇಲ್ಲ, ಟಪಾಲು ಮೋಸದ ದೂರುಗಳು ಬಂದವು, 1880ರ ದಶಕದ ನಡುವಿಗೆ ವ್ಯಾಪಾರ ಮುಳುಗಿತು. ಅದೇ ಊರಿನಲ್ಲಿ ಕಾರ್ನಿಷ್ ಅಂತ ಇನ್ನೊಂದು ಕಂಪನಿ ಉಲ್ಟಾ ದಾರಿ ಹಿಡಿಯಿತು: ಒಂದು ವರ್ಷ ಮನೆಯಲ್ಲಿಟ್ಟುಕೊಂಡು ನುಡಿಸಿ ನೋಡಿ, ಇಷ್ಟವಾಗದಿದ್ದರೆ ವಾಪಸ್ ಕಳಿಸಿ, ಕಂತಿನಲ್ಲಿ ಕೊಡಿ. ಪಕ್ಕದವನು ಕಳೆದ ನಂಬಿಕೆಯನ್ನು ಇವರು ಮಾರಿಕೊಂಡರು ಅಂತ ನನಗನ್ನಿಸುತ್ತದೆ.

ಹೆಸರು ನಂಬಬಹುದಾದ ಆರ್ಗನ್ ಬೇಕು ಅಂದರೆ ಎರಡನ್ನು ಹೇಳುತ್ತೇನೆ. ಒಂದು ವರ್ಮಾಂಟ್‌ನ ಬ್ರಾಟಲ್‌ಬರೋ ಊರಿನ ಎಸ್ಟಿ. ಅವರು ಮಾಡಿದ್ದು ಐದು ಲಕ್ಷಕ್ಕೂ ಜಾಸ್ತಿ ರೀಡ್ ಆರ್ಗನ್, ಹಾಗಾಗಿ ಸುಲಭವಾಗಿ ಸಿಗುತ್ತದೆ, ಬಿಡಿಭಾಗವೂ ಸಿಗುತ್ತದೆ. ಗೋಡೆಗೆಲ್ಲ ಸ್ಲೇಟು ಕಲ್ಲು ಹೊದಿಸಿದ ಅವರ ಕಾರ್ಖಾನೆ ಕಟ್ಟಡಗಳು ಇನ್ನೂ ನಿಂತಿವೆ, ಅಲ್ಲೇ ಒಂದು ವಸ್ತುಸಂಗ್ರಹಾಲಯವೂ ಇದೆ. ಎಲೆ ಉದುರುವ ಕಾಲದಲ್ಲಿ ಬಣ್ಣ ನೋಡಲು ವರ್ಮಾಂಟ್‌ಗೆ ಹೋಗುತ್ತೀರಲ್ಲ, ಒಂದು ಗಂಟೆ ಇಲ್ಲಿಗೂ ಕೊಡಿ. ಎರಡನೆಯದು ಬಾಸ್ಟನ್‌ನ ಮೇಸನ್ ಅಂಡ್ ಹ್ಯಾಮ್ಲಿನ್, 1854ರಲ್ಲಿ ಶುರುವಾದದ್ದು. 1867ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಬಹುಮಾನ ಪಡೆದದ್ದನ್ನು ಆಮೇಲೆ ಎಷ್ಟೋ ವರ್ಷ ಜಾಹೀರಾತಿನಲ್ಲಿ ಹೊತ್ತು ತಿರುಗಿದರು. ಹೆಸರಾಂತ ಪಿಯಾನೋ ವಾದಕ ಫ್ರಾಂಜ್ ಲಿಸ್ಟ್‌ನ ಹೆಸರಿನಲ್ಲಿ ಒಂದು ಮಾದರಿಯನ್ನೇ ಮಾರಿದರು. ಇವರದ್ದರಲ್ಲಿ ಗುಂಡಿ ಕಡಿಮೆ, ಕೆತ್ತನೆ ಕಡಿಮೆ, ಒಳಗಿನ ಕೆಲಸ ಗಟ್ಟಿ.

ಎತ್ತರದ ತಲೆ, ಕನ್ನಡಿ, ದೀಪ ಇಡಲು ಎರಡು ಕಡೆ ಪೀಠ, ಇವೆಲ್ಲ ಇದ್ದರೆ ಹಾಲಿಗೆ ಚೆಂದ, ಆದರೆ ಅದರಿಂದ ನಾದಕ್ಕೆ ಏನೂ ಸೇರುವುದಿಲ್ಲ. ಇನ್ನೊಂದು ತಮಾಷೆ, 1890ರ ಸುಮಾರಿನ ಜಾಹೀರಾತುಗಳಲ್ಲಿ ‘ಇಲಿ ನುಗ್ಗದ ಪೆಡಲ್’ ಅಂತ ಕೂಗುತ್ತಿದ್ದರು. ಅಂದರೆ ಅದಕ್ಕೆ ಮುಂಚಿನ ಆರ್ಗನ್‌ಗಳಲ್ಲಿ ಇಲಿಗಳು ಪೆಡಲಿನ ಸಂದಿಯಿಂದ ನುಗ್ಗಿ ಒಳಗಿನ ಫೆಲ್ಟು, ಚರ್ಮ ಎಲ್ಲ ತಿಂದು ಸಂಸಾರ ಮಾಡುತ್ತಿದ್ದವು ಅಂತ ಅವರೇ ಒಪ್ಪಿಕೊಂಡ ಹಾಗಾಯಿತು. ಈಗಲೂ ಮೊದಲು ಬಾಗಿ ಅಲ್ಲೇ ನೋಡಿ.

ಖರ್ಚು ಹೇಗೆ? ಕೊಳ್ಳಲು ಸೊನ್ನೆಯಿಂದ ಇನ್ನೂರು ಡಾಲರ್, ನಾನು ನೋಡಿದ ಮಟ್ಟಿಗೆ. ರೀಡುಗಳು ಹಿತ್ತಾಳೆ, ನೂರಿಪ್ಪತ್ತು ವರ್ಷವಾದರೂ ಏನೂ ಆಗಿರುವುದಿಲ್ಲ, ಕಸ ಕೂತಿರುತ್ತದೆ ಅಷ್ಟೇ. ಕೆಡುವುದು ತಿದಿಗೆ ಸುತ್ತಿದ ರಬ್ಬರ್ ಬಟ್ಟೆ. ಅದು ಒಣಗಿ ಬಿರುಕು ಬಿಟ್ಟಿರುತ್ತದೆ. ಬಟ್ಟೆ, ಹಳೇ ಕಾಲದ ಮರವಜ್ರದ ಅಂಟು, ನಾಲ್ಕೈದು ಶನಿವಾರ ಇದ್ದರೆ ನೀವೇ ಮಾಡಬಹುದು. ಬೇರೆಯವರ ಕೈಲಿ ಮಾಡಿಸಿದರೆ ಆರ್ಗನ್ ಬೆಲೆಯ ಹತ್ತು ಪಟ್ಟು ಆಗಬಹುದು. ರಿಪೇರಿ ಹುಚ್ಚಿರುವವರಿಗೆ ಇದಕ್ಕಿಂತ ಒಳ್ಳೆಯ ಸಾಮಾನು ಇಲ್ಲ ಅಂತ ಕಣ್ಣು ಮುಚ್ಚಿ ಹೇಳುತ್ತೇನೆ.

ಆದರೆ ಶ್ರುತಿ? 1891ರಲ್ಲಿ ಅಮೆರಿಕದ ಪಿಯಾನೋ ತಯಾರಕರು ಪಾಶ್ಚಾತ್ಯರ ‘ಎ’ ಸ್ವರಕ್ಕೆ ಸೆಕೆಂಡಿಗೆ 435 ಕಂಪನ ಅಂತ ಒಪ್ಪಂದ ಮಾಡಿಕೊಂಡರು. ಅದಕ್ಕೂ ಮುಂಚೆ ಒಬ್ಬೊಬ್ಬರದು ಒಂದೊಂದು, ಈಗಿನ 440ಕ್ಕಿಂತ ಮೇಲಿದ್ದವೂ ಉಂಟು. ರೀಡನ್ನು ಕೆರೆದು ಶ್ರುತಿ ಬದಲಿಸುವುದು ಅಪಾಯದ ಕೆಲಸ. ಒಬ್ಬರೇ ಕೂತು ಭಜನೆ ಹಾಡಲು ಪರವಾಗಿಲ್ಲ, ತಂಬೂರಿ ಆ್ಯಪನ್ನೇ ಅದಕ್ಕೆ ಹೊಂದಿಸಿಕೊಳ್ಳಬಹುದು. ಕೊಳಲಿನವರು ಜೊತೆಗೆ ಕೂತರೆ ಮಾತ್ರ ಕಷ್ಟ.

ಪುಕ್ಕಟೆ ಪಿಯಾನೋ

ಇದರ ಜಾಹೀರಾತಿನ ಇತಿಹಾಸ ಅತಿ ಮಜವಾಗಿದೆ, ಸಲಹೆ ಮಾತ್ರ ಒಂದೇ ಸಾಲಿನದು: ಬೇಡ.

ಸ್ಟೈನ್‌ವೇ ಮತ್ತು ಚಿಕರಿಂಗ್ ಕಂಪನಿಗಳಿಗೆ 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಎರಡಕ್ಕೂ ಚಿನ್ನದ ಪದಕ ಬಂತು. ಇಬ್ಬರೂ ಊರಿಗೆ ಬಂದು ನಾವೇ ಮೊದಲು ಅಂತ ಪತ್ರಿಕೆ ತುಂಬಾ ಕೂಗಾಡಿದರು. ಆಮೇಲೆ ಯುರೋಪಿನ ಹೆಸರಾಂತ ಪಿಯಾನೋ ಕಲಾವಿದರನ್ನು ಕರೆತರುವ ಪೈಪೋಟಿ. ಸ್ಟೈನ್‌ವೇ 1872ರಲ್ಲಿ ಆಂಟನ್ ರೂಬಿನ್‌ಸ್ಟೈನ್‌ರನ್ನು ಕರೆಸಿ, ಎಂಟು ತಿಂಗಳ ಒಳಗೆ 215 ಕಛೇರಿ ಮಾಡಿಸಿತು. ಪಾಪ ಮನುಷ್ಯ. ಚಿಕರಿಂಗ್ ಹ್ಯಾನ್ಸ್ ಫಾನ್ ಬ್ಯೂಲೋರನ್ನು ಕರೆತಂದಿತು. ವೇದಿಕೆಯ ಪಿಯಾನೋಗೆ ನೇತುಹಾಕಿದ್ದ ಕಂಪನಿಯ ಹೆಸರಿನ ಫಲಕ ನೋಡಿ ಆತನಿಗೆ ರೇಗಿ, ನಾನೇನು ಓಡಾಡುವ ಜಾಹೀರಾತಲ್ಲ ಅಂತ ಕಿತ್ತೆಸೆದರು. ಮರುದಿನ ಅದೇ ಸುದ್ದಿಯಾಗಿ ಕಂಪನಿಗೆ ಲಾಭವೇ ಆಗಿರಬೇಕು, ಅಲ್ವಾ?

ನಿಮಗೆ ಬೇಕಾದ ವಿಷಯ ಇದಲ್ಲ. ದೊಡ್ಡ ಹೆಸರುಗಳ ಈ ಗದ್ದಲದ ಕೆಳಗೆ ಇನ್ನೊಂದು ವ್ಯಾಪಾರ ನಡೆಯುತ್ತಿತ್ತು. ನ್ಯೂಯಾರ್ಕಿನಲ್ಲಿ ಜೋಸೆಫ್ ಹೇಲ್ ಅನ್ನುವವನು ಬಿಡಿಭಾಗಗಳನ್ನು ಅಲ್ಲಲ್ಲಿ ಅಗ್ಗಕ್ಕೆ ಕೊಂಡು, ಜೋಡಿಸಿ, ರಾಶಿ ರಾಶಿ ಪಿಯಾನೋ ಮಾಡುತ್ತಿದ್ದ. ಮುಂದೆ ಯಾರ ಹೆಸರು ಬೇಕೋ ಅದನ್ನು ಸ್ಟೆನ್ಸಿಲ್ (ಅಕ್ಷರ ಕೊರೆದ ಹಾಳೆ) ಇಟ್ಟು ಬರೆದುಕೊಡುತ್ತಿದ್ದರು. ಅಂಗಡಿಯವನ ಹೆಸರು, ಇಲ್ಲದೇ ಇರುವ ಯಾವನೋ ಜರ್ಮನ್ ಕುಶಲಕರ್ಮಿಯ ಹೆಸರು, ಅಥವಾ ಸ್ಟೈನ್‌ವೇ ಅಂತ ಓದಿಕೊಳ್ಳುವಷ್ಟು ಹತ್ತಿರದ ಹೆಸರು. 1880ರಲ್ಲಿ ಶುರುವಾದ ‘ಮ್ಯೂಸಿಕಲ್ ಕೊರಿಯರ್’ ಪತ್ರಿಕೆ ಇಂಥ ಸ್ಟೆನ್ಸಿಲ್ ಪಿಯಾನೋಗಳ ಮೇಲೆ ವರ್ಷಗಟ್ಟಲೆ ಯುದ್ಧವನ್ನೇ ಮಾಡಿತು. ಹಾಗಾಗಿ ಮುಚ್ಚಳದ ಮೇಲಿನ ಚಿನ್ನದ ಅಕ್ಷರ ನೋಡಿ ಮರುಳಾಗಬೇಡಿ. ಮೇಲಿನ ಹಲಗೆ ಎತ್ತಿ, ಒಳಗಿನ ಕಬ್ಬಿಣದ ಚೌಕಟ್ಟಿನಲ್ಲಿ ಎರಕ ಹೊಯ್ದ ಹೆಸರಿದೆಯಾ, ಅದೂ ಇದೂ ಒಂದೇನಾ ನೋಡಿ.

ಒಂದೇ ಆಗಿದ್ದರೂ ಕೇಳಿ. ತಂತಿಗಳ ಒಟ್ಟು ಎಳೆತ ಹದಿನೈದು ಇಪ್ಪತ್ತು ಟನ್. ಅದನ್ನು ಹಿಡಿದಿರುವ ಬಿರಡೆಗಳು ಮರದ ಹಲಗೆಯಲ್ಲಿ ಕೂತಿರುತ್ತವೆ. ಒಂದು ಶತಮಾನದ ಚಳಿಗಾಲದ ಹೀಟರ್ ಗಾಳಿಗೆ ಆ ಮರ ಸೀಳಿದ್ದರೆ, ಶ್ರುತಿ ಮಾಡಿದ ವಾರಕ್ಕೇ ಇಳಿದುಹೋಗುತ್ತದೆ, ಆ ಹಲಗೆ ಬದಲಿಸಲು ಸಾವಿರಾರು ಡಾಲರ್. ಸಾಗಿಸಲು ನಾಲ್ಕು ಜನ. ಮನೆಯ ತೂಕದ ಸಾಮಾನುಗಳಲ್ಲಿ ಇದೇ ಮೊದಲನೆಯದಾಗುತ್ತದೆ. ಹಳೇ ಪಿಯಾನೋ ಮನೆಗಳಿಗೆ ಆನೆದಂತ ಹೊದಿಸಿರುವುದೂ ಉಂಟು, ನಿವೃತ್ತಿಯಾದ ಮೇಲೆ ಮೈಸೂರಿಗೆ ಒಯ್ಯುತ್ತೇನೆ ಅನ್ನುವವರು ದಂತವನ್ನು ಗಡಿ ದಾಟಿಸುವ ಕಾನೂನು ಮೊದಲು ಓದಿಕೊಳ್ಳಿ. ಮಗು ಪಿಯಾನೋ ಕಲಿಯುವುದಿದ್ದರೆ ಹೊಸ ಡಿಜಿಟಲ್ ಪಿಯಾನೋ, ಇಲ್ಲವೇ ಮೂವತ್ತು ನಲವತ್ತು ವರ್ಷದ ಸೆಕೆಂಡ್ ಹ್ಯಾಂಡ್ ಸಾಕು. ನನ್ನ ಮಾತು ಕೇಳದೆ ತರುವವರಿದ್ದೀರಿ, ಗೊತ್ತು. ಶ್ರುತಿ ಮಾಡುವವರಿಗೆ ದುಡ್ಡು ಕೊಟ್ಟು ಮೊದಲೇ ಕರೆದುಕೊಂಡು ಹೋಗಿ ತೋರಿಸಿ, ಅಷ್ಟಾದರೂ ಮಾಡಿ.

ಚೀಟಿಯ ಪಿಟೀಲು

ಇಲ್ಲಿ ಎಲ್ಲರೂ ಮೊದಲು ಕೇಳುವುದು ಸ್ಟ್ರಾಡಿವೇರಿಯಸ್ ಬಗ್ಗೆ. ಇಟಲಿಯ ಕ್ರೆಮೋನಾದ ಆಂಟೋನಿಯೋ ಸ್ಟ್ರಾಡಿವೇರಿ 1737ರಲ್ಲಿ ತೀರಿಕೊಂಡ. ಅವನ ಕೈಯ ವಾದ್ಯಗಳಲ್ಲಿ ಉಳಿದಿರುವುದು ಆರುನೂರು ಚಿಲ್ಲರೆ, ಅವೆಲ್ಲ ಎಲ್ಲೆಲ್ಲಿವೆ ಅಂತ ತಿಳಿದವರು ಪಟ್ಟಿ ಇಟ್ಟಿದ್ದಾರೆ. ನಿಮ್ಮ ಪೆಟ್ಟಿಗೆಯಲ್ಲಿರುವುದು ಅದಲ್ಲ. ಆದರೆ ಅದು ಮೋಸವೂ ಅಲ್ಲ, ಇದನ್ನು ಜನ ಮರೆಯುತ್ತಾರೆ. ಜರ್ಮನಿಯ ಸ್ಯಾಕ್ಸನಿಯಲ್ಲಿರುವ ಮಾರ್ಕ್‌ನಾಯ್‌ಕಿರ್ಷನ್, ಅದರ ಹತ್ತಿರವೇ ಬೊಹೆಮಿಯಾದ ಶೋನ್‌ಬಾಖ್, ಫ್ರಾನ್ಸಿನ ಮೀರ್‌ಕೂರ್, ಈ ಊರುಗಳಲ್ಲಿ ಪಿಟೀಲು ಮಾಡುವುದೇ ಊರಿನ ಕಸುಬಾಗಿತ್ತು. ನಮ್ಮ ಚನ್ನಪಟ್ಟಣದ ಗೊಂಬೆ ನೆನಪಿಸಿಕೊಳ್ಳಿ. ಸ್ಯಾಕ್ಸನಿಯಲ್ಲಿ ಒಂದು ಮನೆಯವರು ಬರೀ ಕತ್ತು ಕೆತ್ತುತ್ತಿದ್ದರು, ಇನ್ನೊಂದು ಮನೆಯವರು ಬೆನ್ನು ಹೊಟ್ಟೆ, ಮತ್ತೊಬ್ಬರು ಬರೀ ಬಿರಡೆ. ಜೋಡಿಸಿ, ಬಣ್ಣ ಹಚ್ಚಿ, ಯಾವ ಮಾದರಿ ನೋಡಿ ಮಾಡಿದರೋ ಆ ಉಸ್ತಾದನ ಹೆಸರಿನ ಚೀಟಿ ಒಳಗೆ ಅಂಟಿಸುತ್ತಿದ್ದರು. ಮಾರ್ಕ್‌ನಾಯ್‌ಕಿರ್ಷನ್‌ನಿಂದ ಎಷ್ಟು ಮಾಲು ಅಮೆರಿಕಕ್ಕೆ ಹೋಗುತ್ತಿತ್ತು ಅಂದರೆ, ಅಷ್ಟು ಸಣ್ಣ ಊರಿನಲ್ಲಿ 1893ರಲ್ಲಿ ಅಮೆರಿಕ ಸರ್ಕಾರ ತನ್ನ ಕಾನ್ಸಲ್ ಕಚೇರಿಯನ್ನೇ ತೆರೆಯಿತು.

ಸಿಯರ್ಸ್ 1909ರ ಕ್ಯಾಟಲಾಗಿನಲ್ಲಿ ‘ಸ್ಟ್ರಾಡಿವೇರಿಯಸ್ ಮಾದರಿ’ ಪಿಟೀಲಿನ ಬೆಲೆ 1 ಡಾಲರ್ 95 ಸೆಂಟ್. ಎರಡು ಡಾಲರಿಗೆ ನಿಜವಾದ ಸ್ಟ್ರಾಡಿವೇರಿಯಸ್ ಬರುತ್ತದೆ ಅಂತ ಕೊಂಡವನೂ ನಂಬಿರಲಿಲ್ಲ. ಆ ಚೀಟಿ ಆಗ ಎಲ್ಲರಿಗೂ ಗೊತ್ತಿದ್ದ ಒಂದು ಸುಳ್ಳು, ಅಂದರೆ ಸುಳ್ಳೇ ಅಲ್ಲ. ಮೊಮ್ಮಕ್ಕಳ ಕಾಲಕ್ಕೆ ಕ್ಯಾಟಲಾಗು ಒಲೆಗೆ ಹೋಯಿತು, ಚೀಟಿ ಉಳಿಯಿತು, ಅಟ್ಟದಲ್ಲಿ ಕೋಟಿ ಸಿಕ್ಕಿತು ಅಂತ ಜನ ಕುಣಿದಾಡುತ್ತಾರೆ.

ಚೀಟಿಯಿಂದ ತಿಳಿಯುವ ಒಂದು ಉಪಯೋಗದ ವಿಷಯ ಇದೆ. 1890ರ ಮೆಕಿನ್ಲಿ ಸುಂಕದ ಕಾಯ್ದೆ ಬಂದ ಮೇಲೆ ಅಮೆರಿಕಕ್ಕೆ ಬರುವ ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕಾಯಿತು. ಚೀಟಿಯ ಕೆಳಗೆ ‘ಜರ್ಮನಿ’ ಅಂತಿದ್ದರೆ ಅದರ ನಂತರದ್ದು. ‘ಚೆಕೊಸ್ಲೊವಾಕಿಯಾ’ ಅಂತಿದ್ದರೆ ಆ ದೇಶವೇ ಹುಟ್ಟಿದ್ದು 1918ರಲ್ಲಿ, ಹತ್ತೊಂಬತ್ತನೇ ಶತಮಾನದ್ದು ಅಂತ ಮಾರುವವನಿಗೆ ಜಾಸ್ತಿ ಕೊಡಬೇಡಿ.

ಈ ಮೂರೂ ವಾದ್ಯಗಳಲ್ಲಿ ಹೆಸರಿನ ಸುಳ್ಳು ಅತಿ ದೊಡ್ಡದು ಇದರದ್ದೇ, ಆದರೂ ಕೊಳ್ಳಿ ಅಂತ ನಾನು ಹೇಳುವುದೂ ಇದನ್ನೇ. ಯಾಕೆಂದರೆ ಸುಳ್ಳು ಚೀಟಿಯಲ್ಲಿದೆ, ಮರದಲ್ಲಿಲ್ಲ. ಅಗ್ಗದ ಪಿಟೀಲಾದರೂ ಕಸುಬು ಬಲ್ಲವರು ಸ್ಪ್ರೂಸ್, ಮೇಪಲ್ ಮರದಲ್ಲಿ ಮಾಡಿದ್ದು, ನೂರು ವರ್ಷ ಒಣಗಿದ್ದು. ಎಲ್ಲವೂ ಒಳ್ಳೆಯವಲ್ಲ. ಅಂಚಿನ ಸುತ್ತ ಎರಡು ಕಪ್ಪು ಗೆರೆ ಇರುತ್ತವಲ್ಲ, ಅದು ಮರದೊಳಗೆ ಕೂರಿಸಿದ ಪಟ್ಟಿಯಾ, ಬರೀ ಶಾಯಿಯಲ್ಲಿ ಎಳೆದದ್ದಾ ನೋಡಿ. ಶಾಯಿ ಆದರೆ ತೀರಾ ಅಗ್ಗದ್ದು. ಹೊಟ್ಟೆಯ ಮೇಲೆ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಕಾಲಿನ ಹತ್ತಿರ ಉದ್ದ ಬಿರುಕು ಇದ್ದರೆ ಬಿಟ್ಟುಬಿಡಿ, ಒಳಗೆ ಕಡ್ಡಿ ನಿಲ್ಲುವ ಜಾಗ ಅದು, ರಿಪೇರಿ ದುಬಾರಿ. ಅಂಚಿನಲ್ಲಿ ಬಾಯಿ ಬಿಟ್ಟಿದ್ದರೆ ಹೆದರಬೇಡಿ, ಅಂಟು ಹಾಕಿದರೆ ಸರಿಹೋಗುತ್ತದೆ.

ನಮ್ಮವರಿಗೆ ಇನ್ನೂ ಎರಡು ಮಾತು. ಕರ್ನಾಟಕ ಸಂಗೀತಕ್ಕೆ ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಬಲಪಾದದ ಮೇಲಿಟ್ಟು ನುಡಿಸುತ್ತೇವೆ, ಕತ್ತಿನ ಮೇಲೆ ಕೈ ಮೇಲೆ ಕೆಳಗೆ ಜಾರುತ್ತಲೇ ಇರುತ್ತದೆ. ಹಾಗಾಗಿ ಕತ್ತು ಗಟ್ಟಿಯಾಗಿ ಕೂತಿರಬೇಕು, ಬಿರಡೆ ಜಾರಬಾರದು, ಉಳಿದ ಚೆಂದ ಆಮೇಲೆ. ಎರಡನೆಯದು, ನಾವು ಸ-ಪ-ಸ-ಪ ಅಂತ ಪಾಶ್ಚಾತ್ಯರಿಗಿಂತ ತಗ್ಗಿಸಿ ಶ್ರುತಿ ಮಾಡುತ್ತೇವೆ, ಮರದ ಮೇಲೆ ಎಳೆತ ಕಡಿಮೆ, ವಯಸ್ಸಾದ ಪಿಟೀಲಿಗೆ ಅದು ಒಳ್ಳೆಯದೇ. ಹೊಸ ಕುದುರೆ, ಬಿರಡೆ, ತಂತಿ, ಒಳಗಿನ ಕಡ್ಡಿ ಸರಿ ಮಾಡಿಸಲು ಇನ್ನೂರು ಮುನ್ನೂರು ಡಾಲರ್ ಎತ್ತಿಡಿ. ಎಂಟು ಹತ್ತು ವರ್ಷದ ಮಗುವಿಗೆ ಪೂರ್ತಿ ಅಳತೆಯದು ದೊಡ್ಡದಾಗುತ್ತದೆ, ಅಲ್ಲಿಯವರೆಗೆ ಬಾಡಿಗೆ ಪಿಟೀಲಿನಲ್ಲಿ ಕಲಿಯಲಿ, ಇದು ಬೀರುವಿನ ಮೇಲೆ ಕಾಯುತ್ತದೆ. ಊರಿಗೆ ಹೊರಟರೆ ವಿಮಾನದಲ್ಲಿ ಜೊತೆಗೇ ಬರುತ್ತದೆ, ಪಿಯಾನೋ ಬರುತ್ತದಾ?

ಚಿಲ್ಲರೆ ಆಯ್ಕೆ: ಆಟೋಹಾರ್ಪ್

ತಂತಿ ಮೀಟಿ ನುಡಿಸುವ ಈ ಪುಟ್ಟ ವಾದ್ಯಕ್ಕೆ ಫಿಲಡೆಲ್ಫಿಯಾದ ಝಿಮ್ಮರ್‌ಮನ್ 1882ರಲ್ಲಿ ಪೇಟೆಂಟ್ ಪಡೆದ. ಹತ್ತು ವರ್ಷದ ಮೇಲೆ ಆಲ್ಫ್ರೆಡ್ ಡಾಲ್ಜ್ ಕೈಗೆ ಬಂತು, ಅವನ ಹೆಸರಿನದೇ ಡಾಲ್ಜ್‌ವಿಲ್ ಊರಿನಲ್ಲಿ ತಯಾರಾಗತೊಡಗಿತು. ಪಾಠ ಬೇಡ, ಮೇಷ್ಟ್ರು ಬೇಡ, ಯಾರು ಬೇಕಾದರೂ ಕೂಡಲೇ ನುಡಿಸಬಹುದು ಅನ್ನುವುದೇ ಜಾಹೀರಾತಿನ ಜೀವ. ಈ ಒಂದು ಜಾಹೀರಾತು ಬಹುಪಾಲು ನಿಜ. ಪಟ್ಟಿ ಒತ್ತಿದರೆ ಬೇಡದ ತಂತಿಗಳ ಮೇಲೆ ಫೆಲ್ಟು ಕೂರುತ್ತದೆ, ಉಳಿದವು ಮೀಟಿದರೆ ನುಡಿಯುತ್ತವೆ. ಐವತ್ತು ಡಾಲರಿನ ಒಳಗೆ ಸಿಗುತ್ತದೆ. ನಮ್ಮ ಸಂಗೀತಕ್ಕೆ ಆ ಪಟ್ಟಿಗಳಿಂದ ಉಪಯೋಗವಿಲ್ಲ, ಅವನ್ನು ಬಿಚ್ಚಿ, ತಂತಿಗಳನ್ನು ರಾಗಕ್ಕೆ ಶ್ರುತಿ ಮಾಡಿಕೊಂಡರೆ ಒಂದು ಬಡವರ ಸ್ವರಮಂಡಲ (ಹಾಡುವವರು ತಾವೇ ಮೀಟಿಕೊಳ್ಳುವ ತಂತಿವಾದ್ಯ) ಆಗುತ್ತದೆ. ನನ್ನ ಹತ್ತಿರ ಒಂದಿದೆ. ಹಾಡುವುದಕ್ಕಿಂತ ಶ್ರುತಿ ಮಾಡುವುದೇ ಜಾಸ್ತಿ ಹೊತ್ತು.

ಹಾಗಾದರೆ ನಮ್ಮ ಹಾರ್ಮೋನಿಯಂ?

ಆರ್ಗನ್ ನೋಡಿ ಮನಸ್ಸು ಕರಗಿದವರು ಇದನ್ನೊಮ್ಮೆ ಯೋಚಿಸಿ. ಅದೇ ಕಾಲದಲ್ಲಿ ಕಲ್ಕತ್ತದಲ್ಲೂ ಇದೇ ವಾದ್ಯದ ವ್ಯಾಪಾರ ನಡೆದಿತ್ತು. ಪ್ಯಾರಿಸಿನ ಡೆಬೆನ್ 1840ರ ದಶಕದಲ್ಲಿ ಹೆಸರಿಟ್ಟ ಹಾರ್ಮೋನಿಯಂ, ಸಾಹೇಬರ ಜೊತೆ, ಪಾದ್ರಿಗಳ ಜೊತೆ ಭಾರತಕ್ಕೆ ಬಂದಿತ್ತು. ಅದು ಕುರ್ಚಿ ಮೇಲೆ ಕೂತು ಕಾಲಲ್ಲಿ ತುಳಿಯುವಂಥದ್ದು. 1875ರಲ್ಲಿ ಡ್ವಾರ್ಕಿನ್ ಅಂಗಡಿ ಶುರು ಮಾಡಿದ ದ್ವಾರಕಾನಾಥ ಘೋಷ್ ಅದರ ಕಾಲು ತೆಗೆದು, ತಿದಿಯನ್ನು ಬೆನ್ನಿಗೆ ತಂದು, ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ಹಾಕುವ ಹಾಗೆ ಮಾಡಿದರು. 1884ರಲ್ಲಿ ಅಂತ ಹೇಳುತ್ತಾರೆ. ನಮ್ಮ ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದೂ ಅದೇ ವರ್ಷ. ಆದರೆ ಕಂಪನಿ ನಾಟಕದವರು ಕಾಲು ತುಳಿಯುವ ಲೆಗ್ ಹಾರ್ಮೋನಿಯಂ ಅನ್ನೂ ಬಿಡಲಿಲ್ಲ. ಎರಡೂ ಕೈ ಖಾಲಿ ಸಿಗುತ್ತದಲ್ಲ, ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೆ ಕೇಳಿಸಬೇಕಲ್ಲ. ಅಮೆರಿಕದ ಆರ್ಗನ್ ನುಡಿಸುವಾಗ ನನಗೆ ಯಾಕೋ ಕಂಪನಿ ನಾಟಕದ ವಾಸನೆಯೇ ಬರುತ್ತದೆ.

ಸ್ವರದಿಂದ ಸ್ವರಕ್ಕೆ ಜಾರುವ ಗಮಕ ನುಡಿಯದು ಅನ್ನುವ ದೂರು ಆರ್ಗನ್, ಹಾರ್ಮೋನಿಯಂ ಎರಡರ ಮೇಲೂ ಇದೆ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ಬಾಗಿಲು ಹಾಕಿದ್ದಕ್ಕೂ ಇಂಥದ್ದೇ ಕಾರಣ. ಬೆಳಗಾವಿಯ ರಾಮಭಾವು ವಿಜಾಪುರೆಯವರ ಪೇಟಿ (ಹಾರ್ಮೋನಿಯಂ) ಕೇಳಿದವರು ಆ ಮಾತು ಒಪ್ಪುವುದಿಲ್ಲ, ಅದು ಬೇರೆ ಜಗಳ. ಹಾಡಲಿಕ್ಕೆ, ಭಜನೆಗೆ, ಮಗು ಸ್ವರ ಗುರುತಿಸಲಿಕ್ಕೆ ಅಂತಾದರೆ ಊರಿಂದ ಬರುವಾಗ ಒಂದು ಹಾರ್ಮೋನಿಯಂ ತನ್ನಿ, ಸಾಮಾನ್ಯವಾಗಿ 440ರ ಸುಮಾರಿಗೆ ಶ್ರುತಿಯಾಗಿರುತ್ತದೆ, ಕೆಟ್ಟರೆ ಊರಲ್ಲಿ ಸರಿ ಮಾಡುವವರಿದ್ದಾರೆ. ಬರೀ ಶ್ರುತಿಗೆ ಅಂದರೆ ಅದೂ ಬೇಡ, ಬೆಂಗಳೂರಿನ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಸಾಕು.

ಈಗ ಗೆಳೆಯನಿಗೆ ಹೇಳಿದ್ದನ್ನು ಹೇಳುತ್ತೇನೆ

ಮಗಳಿಗೆ ಅಂತಾದರೆ ಪಿಟೀಲು. ಮುನ್ನೂರು ನಾನೂರು ಡಾಲರಿಗಿಂತ ಜಾಸ್ತಿ ಎತ್ತಿಡಲಾಗದು ಅನ್ನುವವರಿಗೂ ಪಿಟೀಲು. ಆದರೆ ರಿಪೇರಿಯವರಿಗೆ ತೋರಿಸಿ ತಂದ ಪಿಟೀಲು. ಸ್ವಂತ ಮನೆ, ನೆಲಮಹಡಿಯಲ್ಲಿ ಜಾಗ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದರೆ ಹಸಿವು ಮರೆಯುವ ಸ್ವಭಾವ ಇದ್ದರೆ ಆರ್ಗನ್, ಅದರಲ್ಲೂ ಕೆತ್ತನೆ ಕಡಿಮೆ ಇರುವ ಎಸ್ಟಿ ಸಿಕ್ಕರೆ ಬಿಡಬೇಡಿ. ಅಪಾರ್ಟ್‌ಮೆಂಟಿನಲ್ಲಿದ್ದು ಹಳೇದರ ಆಸೆ ಇದ್ದರೆ ಆಟೋಹಾರ್ಪ್ ತಂದು ಗೋಡೆಗೆ ತೂಗುಹಾಕಿ. ಇಲ್ಲವೇ ಆರ್ಗನ್ ಕಂಪನಿಗಳ ಬಣ್ಣದ ಕಾರ್ಡು ಕೂಡಿಸಿ, ಮಕ್ಕಳು, ಬೆಕ್ಕಿನ ಮರಿ, ಹೂವಿನ ಬುಟ್ಟಿ ಎಲ್ಲ ಇರುತ್ತದೆ, ಒಂದು ಆಲ್ಬಮ್ಮಿನಲ್ಲಿ ಹಿಡಿಸುತ್ತದೆ. ಪಿಯಾನೋ ಬಗ್ಗೆ ಹೇಳಿದ್ದೇನೆ.

ನೋಡಲು ಹೋಗುವಾಗ ಟಾರ್ಚ್ ಇರಲಿ, ಪಿಟೀಲಿನ ಹೊಟ್ಟೆಯೊಳಗೆ, ಆರ್ಗನ್ ಪೆಡಲಿನ ಸಂದಿಯಲ್ಲಿ ಬಿಡಲಿಕ್ಕೆ. ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಇರಲಿ. ಆರ್ಗನ್ ಆದರೆ ಒಂದೊಂದೇ ಗುಂಡಿ ಎಳೆದು 61 ಮನೆಯನ್ನೂ ಒತ್ತಿ, ಮಾರುವವರು ಮುಖ ಸಿಂಡರಿಸಿದರೂ ಪರವಾಗಿಲ್ಲ, ಹಿಂದಿನ ಹಲಗೆ ತೆಗೆದು ರೀಡಿನ ಸಾಲು ಎಷ್ಟು ಅಂತ ನೀವೇ ಎಣಿಸಿ. ಅಳತೆಪಟ್ಟಿ ಮರೆಯಬೇಡಿ, ಮನೆಯಿಂದ ಹೊರಡುವ ಮುಂಚೆಯೇ ನಿಮ್ಮ ಬಾಗಿಲು ಅಳೆದು ಬರೆದುಕೊಳ್ಳಿ. ನಾನು ಅಳೆದಿರಲಿಲ್ಲ. ನನ್ನ ಮೊದಲ ಆರ್ಗನ್ ಮೂರು ವಾರ ಗ್ಯಾರೇಜಿನಲ್ಲಿತ್ತು, ಕನ್ನಡಿಯಿದ್ದ ತಲೆಯ ಭಾಗ ಇನ್ನೂ ಅಲ್ಲೇ ಇದೆ, ಅದರ ಮೇಲೆ ಈಗ ಮಕ್ಕಳ ಸೈಕಲ್ ಹೆಲ್ಮೆಟ್ ಇಡುತ್ತೇವೆ.